ಅಮ್ಮಿ ಅನ್ನುವ ದನಿ

ನನ್ನನ್ನು ‘ಅಮ್ಮಿ’ ಎಂದು ಕರೆಯುವವರು ಈಗ ಒಬ್ಬರೇ ಉಳಿದಿದ್ದಾರೆ. ನಮ್ಮಕ್ಕ. ನಾಗಮಂಗಲ ತಾಲ್ಲೂಕಿನಲ್ಲಿ, ಬಿಂಡಿಗನವಿಲೆ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ತೊಂಬತ್ತು ದಾಟಿತು ಎನ್ನುತ್ತಾರೆ ಅವಳ ಮಕ್ಕಳು. ಬರೆದಿಟ್ಟವರು ಯಾರೂ ಇಲ್ಲ. ಮಿಕ್ಕವರಿಗೆಲ್ಲ ನಾನು ಅಜ್ಜಿ, ದೊಡ್ಡಮ್ಮ, ಅತ್ತೆ, ಇಲ್ಲವೇ ನರ್ಸಮ್ಮ. ಶ್ರೀರಂಗಪಟ್ಟಣದ ನಮ್ಮ ಬೀದಿಗೆ ಬರುವ ಹೂವಿನವಳಿಗೂ ನಾನು ‘ನೀವು’. ಅವರು ಕೊಡುವ ಮರ್ಯಾದೆ ದೊಡ್ಡದು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಏಕವಚನದಲ್ಲಿ ಕೂಗುವವರು ಒಬ್ಬೊಬ್ಬರಾಗಿ ಹೋದ ಮೇಲೆ ಬರುವ ಮುಪ್ಪೇ ಬೇರೆ. ಅಪ್ಪ ‘ಮಗಾ’ ಅನ್ನುತ್ತಿದ್ದ, ಅವ್ವ ‘ಕೂಸೇ’ ಅನ್ನುತ್ತಿದ್ದಳು, ಮನೆಯವರಿಗೆ ಕೊನೆಯವರೆಗೂ ನಾನು ‘ಇವಳೇ’. ಮಂಡಿನೋವಿಗೆ ಎಣ್ಣೆ ಇದೆ, ಬಿ.ಪಿ.ಗೆ ಮಾತ್ರೆ ಇದೆ. ಇದಕ್ಕೆ ನಾನು ಕಂಡುಕೊಂಡ ಮದ್ದು ತಿಂಗಳಿಗೊಮ್ಮೆ ನಾಗಮಂಗಲದ ಬಸ್ಸು ಹತ್ತುವುದು.

ಬಸ್ಸಿನಲ್ಲಿ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮಗೆ ಸೊನ್ನೆ ರೂಪಾಯಿಯ ಟಿಕೆಟ್ಟು. ಆ ಕಾರ್ಡಿನಲ್ಲಿರುವ ನನ್ನ ಹುಟ್ಟಿದ ದಿನ 1-6-1946. ಶಾಲೆಗೆ ಸೇರಿಸಿಕೊಂಡ ಮೇಷ್ಟರು ಅಂದಾಜಿನಲ್ಲಿ ಬರೆದದ್ದು ಅದು. ಅವ್ವ ಹೇಳುತ್ತಿದ್ದುದೇ ಬೇರೆ: ‘ಮೈಸೂರು ಚಲೋ ಗಲಾಟೆ ನಡೀತಿತ್ತು, ಹೊಲದಲ್ಲಿ ರಾಗಿ ತೆನೆ ಬಿಟ್ಟಿತ್ತು, ಆವಾಗ ನೀನು ಹುಟ್ಟಿದ್ದು.’ ಜವಾಬ್ದಾರಿ ಸರ್ಕಾರ ಬೇಕೆಂದು ಆ ಚಳವಳಿ ನಡೆದದ್ದು 1947ರ ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ. ಹೀಗಾಗಿ ನನಗೆ ಎರಡು ವಯಸ್ಸು. ಸರ್ಕಾರದ ಲೆಕ್ಕದಂತೆ 2004ರ ಮೇ 31ರಂದು ಕೆಲಸ ಬಿಟ್ಟು ಕೆಳಗಿಳಿದೆ. ಅವ್ವನ ಲೆಕ್ಕ ಹಿಡಿದಿದ್ದರೆ ಇನ್ನೊಂದು ವರ್ಷದ ಮೇಲೆ ಕೆಲಸ ಮಾಡಬಹುದಿತ್ತು. ಮಾಡಬೇಕೆಂಬ ಆಸೆಯೂ ಇತ್ತು.

ಶ್ರೀರಂಗಪಟ್ಟಣ, ಕಿರಂಗೂರು, ಪಾಂಡವಪುರ, ಜಕ್ಕನಹಳ್ಳಿ, ನಾಗಮಂಗಲ. ಈ ರಸ್ತೆಯ ಆಚೀಚೆಯ ಹಳ್ಳಿಗಳಲ್ಲೇ ನನ್ನ 37 ವರ್ಷದ ನೌಕರಿ ಕಳೆಯಿತು. ನಡುವೆ ಎರಡು ಸಲ ನನ್ನ ತವರು ತಾಲ್ಲೂಕಾದ ಕೆ.ಆರ್. ಪೇಟೆಗೆ ವರ್ಗವಾಗಿದ್ದೆ. ಕಿಟಕಿಯ ಪಕ್ಕ ಕೂತರೆ ಹಳ್ಳಿಯ ಹೆಸರು ಬೋರ್ಡಿನಲ್ಲಿ ಕಾಣುವ ಮೊದಲೇ ಅಲ್ಲಿ ಹಿಡಿದ ಕೂಸುಗಳು ನೆನಪಿಗೆ ಬರುತ್ತವೆ. ಇಂಥ ಮನೆಯ ಹಜಾರ, ಇಂಥ ಮಳೆಯ ರಾತ್ರಿ, ಲಾಟೀನು ಹಿಡಿದು ನಿಂತಿದ್ದ ಇಂಥ ಅತ್ತೆ. ಆ ಕೂಸುಗಳಲ್ಲಿ ಕೆಲವರು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ.

ನಾನು ಸೂಲಗಿತ್ತಿಯ ಕೆಲಸ ಕಲಿಯಲು ಹೊರಟದ್ದು ಅಕ್ಕನಿಂದಾಗಿ. ನಮ್ಮೂರು ಅಕ್ಕಿಹೆಬ್ಬಾಳಿನ ಕಡೆ, ಹೇಮಾವತಿ ದಂಡೆಯ ಊರು. ಅವ್ವ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ನಾನು ಹುಟ್ಟಿದಾಗ ಅಕ್ಕನಿಗೆ ಹನ್ನೆರಡೋ ಹದಿಮೂರೋ. ಅವ್ವ ಗದ್ದೆಗೆ ಹೋದರೆ ನನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ಅವಳೇ. ನನಗೆ ಮೂರು ವರ್ಷವಾದಾಗ ಅವಳನ್ನು ನಾಗಮಂಗಲದ ಕಡೆಗೆ ಕೊಟ್ಟರು. ನೀರಿನ ಊರಿನಿಂದ ಬೆದ್ದಲು ಭೂಮಿಯ ಊರಿಗೆ ಹೋದವಳು, ಆಳದ ಬಾವಿಯಿಂದ ನೀರು ಸೇದುವುದನ್ನು ಅಲ್ಲಿಯೇ ಕಲಿತಳು. ಅವಳ ಮೂರನೆಯ ಮಗು ಹುಟ್ಟಿದಾಗ ಶಾಲೆಗೆ ರಜ, ನಾನೂ ಅಲ್ಲಿದ್ದೆ. ಗಂಡು ಕೂಸು, ಗುಂಡುಗುಂಡಾಗಿತ್ತು. ಹೊಕ್ಕಳ ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಸಗಣಿ ಬೂದಿ ಒತ್ತಿದರು. ಎಲ್ಲರ ಮನೆಯಲ್ಲೂ ಆಗ ಅದೇ ರೂಢಿ. ಆರನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ಬಾಯಿ ಬಿಗಿದುಕೊಂಡಿತ್ತು. ಎಂಟನೆಯ ದಿನ ಬಿಲ್ಲಿನಂತೆ ಬೆನ್ನು ಬಾಗಿಸಿ ಹೋಯಿತು. ಗಾಳಿ ಸೋಕಿತು ಅಂದರು. ಅದಕ್ಕೆ ಧನುರ್ವಾಯು ಎಂಬ ಹೆಸರಿದೆ, ಕುದಿಸಿದ ಬ್ಲೇಡಿನಲ್ಲಿ ಬಳ್ಳಿ ಕೊಯ್ದು, ಮೇಲೆ ಏನನ್ನೂ ಹಚ್ಚದೆ ಬಿಟ್ಟರೆ ಅದು ಬರುವುದಿಲ್ಲ ಎಂದು ಹೇಳಿಕೊಟ್ಟದ್ದು ಮೈಸೂರಿನ ಎರಡು ವರ್ಷದ ತರಬೇತಿಯಲ್ಲಿ. ಆ ಪಾಠದ ದಿನ ನಾನು ತರಗತಿಯಿಂದ ಎದ್ದುಹೋಗಿ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದೆ.

1967ರಲ್ಲಿ ಮೊದಲ ನೇಮಕ ಬಂದದ್ದು ನಾಗಮಂಗಲ ತಾಲ್ಲೂಕಿಗೇ. ಅಕ್ಕನ ಐದನೆಯ ಹೆರಿಗೆಗೆ ನಾನೇ ಕೈಹಾಕಿದೆ. ಆ ಮಗಳಿಗೆ ಈಗ ಐವತ್ತು ಕಳೆದಿದೆ. ಅಕ್ಕನನ್ನು ನೋಡಿಕೊಳ್ಳುತ್ತಿರುವವಳು ಅವಳೇ.

‘ಹಿಂದಿನವರು ನೂರು ವರ್ಷ ಗಟ್ಟಿಯಾಗಿ ಬಾಳುತ್ತಿದ್ದರು, ಈಗ ಎಲ್ಲ ಕಲಬೆರಕೆ’ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನೆ ಕೂರಲಾರೆ. ನಾನು ಹುಟ್ಟಿದ ದಶಕದ ಜನಗಣತಿಯ ಲೆಕ್ಕದಂತೆ ನಮ್ಮ ದೇಶದವರ ಸರಾಸರಿ ಆಯಸ್ಸು 32 ವರ್ಷ. ಈಗ ಎಪ್ಪತ್ತರ ಆಸುಪಾಸು. ಮೂವತ್ತೆರಡಕ್ಕೆ ಎಲ್ಲರೂ ಸಾಯುತ್ತಿದ್ದರು ಎಂದಲ್ಲ. ನಮ್ಮೂರಲ್ಲೂ ಎಂಬತ್ತು ದಾಟಿದ ಮುದುಕಿಯರಿದ್ದರು. ಆ ಲೆಕ್ಕವನ್ನು ಕೆಳಗೆ ಎಳೆದವು ತೊಟ್ಟಿಲಲ್ಲೇ ಹೋದ ಕೂಸುಗಳು. ದಡಾರ, ನಾಯಿಕೆಮ್ಮು, ವಾಂತಿಭೇದಿ, ಧನುರ್ವಾಯು, ಸಿಡುಬು. ನನ್ನ ಎಡತೋಳಿನ ಮೇಲೆ ಎರಡು ದುಂಡು ಕಲೆಗಳಿವೆ, ಸಿಡುಬಿನ ದೇವಿ ಹಾಕಿಸಿದ್ದು. ಮೊಮ್ಮಗಳು ‘ಇದೇನಜ್ಜಿ’ ಎಂದು ಬೆರಳಿಟ್ಟು ಕೇಳುತ್ತಾಳೆ. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರ ಮೇ ತಿಂಗಳಲ್ಲಿ. ಅವಳ ತೋಳು ನುಣ್ಣಗಿದೆ. ನನ್ನ ದೀರ್ಘಾಯಸ್ಸಿನ ಗುಟ್ಟೇನೆಂದು ಕೇಳುವವರಿಗೆ ನಾನು ಈ ಕಲೆ ತೋರಿಸುತ್ತೇನೆ. ಅವರಿಗೆ ಬೇಕಾದದ್ದು ಯಾವುದೋ ಸೊಪ್ಪಿನ ಹೆಸರು.

ಬಸ್ಸು ಕಾವೇರಿಯ ಕವಲನ್ನು ದಾಟುವಾಗ ಮನೆಯವರು ನೆನಪಾಗುತ್ತಾರೆ. ಅವರು ಮಲೇರಿಯಾ ಕೆಲಸಗಾರರಾಗಿದ್ದರು. ಶ್ರೀರಂಗಪಟ್ಟಣಕ್ಕೂ ಚಳಿಜ್ವರಕ್ಕೂ ಹಳೆಯ ನಂಟು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿ ಬೀಡುಬಿಟ್ಟ ಇಂಗ್ಲಿಷರ ಸೈನ್ಯ ಜ್ವರಕ್ಕೆ ತತ್ತರಿಸಿ, 1809ರಲ್ಲಿ ಬೆಂಗಳೂರಿಗೆ ದಂಡು ಕಿತ್ತಿತು. ನಾಲೆ ಬಂದ ಮೇಲೆ ಗದ್ದೆಯ ಜೊತೆಗೆ ಸೊಳ್ಳೆಯೂ ಬಂತು. ಕನ್ನಂಬಾಡಿಯ ನೀರು ನಮಗೆ ಅನ್ನ ಕೊಟ್ಟಿತು, ಮಕ್ಕಳನ್ನು ಓದಿಸಿತು. ವಿಶ್ವೇಶ್ವರಯ್ಯನವರ ಪಟ ಇಲ್ಲದ ಮನೆ ನಮ್ಮ ಬಾಲ್ಯದಲ್ಲಿ ಕಡಿಮೆ. ಅವರೂ ನೂರು ದಾಟಿ, 1962ರಲ್ಲಿ ತೀರಿಕೊಂಡರು. ಆದರೆ ಅದೇ ನೀರಿನ ಬದಿಯಲ್ಲಿ ಮನೆಮನೆಗೂ ನಡೆದು, ಜ್ವರ ಬಂದವರ ಬೆರಳಿಗೆ ಚುಚ್ಚಿ ರಕ್ತದ ಹನಿಯನ್ನು ಗಾಜಿನ ಮೇಲೆ ಹಿಡಿದು, ಬಂದುಹೋದ ತಾರೀಖನ್ನು ಗೋಡೆಯ ಮೇಲೆ ಬರೆದು ಮುಂದಿನ ಮನೆಗೆ ಹೋದವರ ಪಟ ಯಾರ ಮನೆಯಲ್ಲೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಒಂದೊಂದು ತಾರೀಖು. ಪಾಂಡವಪುರ ಕಡೆಯ ಹಳ್ಳಿಗಳ ಮಣ್ಣಿನ ಗೋಡೆಗಳ ಮೇಲೆ ನಮ್ಮ ಮನೆಯವರ ದುಂಡಕ್ಷರ ತುಂಬಿತ್ತು. ಆ ಗೋಡೆಗಳೆಲ್ಲ ಕೆಡವಿ ಆರ್‌ಸಿಸಿ ಆದವು. 2011ರಲ್ಲಿ ಅವರು ಹೋದರು. ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಬಿಟ್ಟ ಜಾಗ ಅದು. ನಮ್ಮವರನ್ನು ಕಳಿಸಿಕೊಡಲು ನಾನು ಆ ಮೆಟ್ಟಿಲುಗಳಿಗೆ ಎಂಟು ಸಲ ಹೋಗಿದ್ದೇನೆ. ಕೊನೆಯ ಸಲ, ತಮ್ಮನಿಗಾಗಿ ಹೋದಾಗ, ನನ್ನನ್ನು ಮೇಲೆಯೇ ಕೂರಿಸಿ ಹುಡುಗರು ಇಳಿದರು. ಜಾರುತ್ತೆ ಅಜ್ಜಿ, ನೀವು ಬರಬೇಡಿ ಅಂದರು.

ಜಾರುವುದು ನಿಜ. 2019ರಲ್ಲಿ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡೆ. ಮೂಳೆ ಆರು ವಾರಕ್ಕೆ ಕೂಡಿತು, ಭಯ ಕೂಡಲಿಲ್ಲ. ವರ್ಷವಾದರೂ ಗೋಡೆ ಹಿಡಿದೇ ನಡೆದೆ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ ಎಂದು ಈಗ ಮದುವೆ ಮನೆಗೆ ಹೋದರೂ ಹೇಳುತ್ತೇನೆ. ಆಗ ಮೈಸೂರಿನ ಒಂದು ಆಸ್ಪತ್ರೆಗೆ ಮಗ ಕರೆದುಕೊಂಡು ಹೋಗಿದ್ದ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ನಾನು ಎದುರಿಗೇ ಕೂತಿದ್ದೆ. ಅವರು ಮಗನ ಮುಖ ನೋಡಿ ಕೇಳಿದರು: ‘ಅಜ್ಜಿಗೆ ಬೇರೆ ಮಾತ್ರೆ ಏನಾದರೂ ನಡೀತಿದೆಯಾ? ರಾತ್ರಿ ನಿದ್ದೆ ಬರುತ್ತಾ ಅವರಿಗೆ?’ ನನ್ನ ನಿದ್ದೆಯ ವಿಷಯ ಮಗನಿಗೇನು ಗೊತ್ತು? 37 ವರ್ಷ ಬಾಣಂತಿಯ ಕೈ ಹಿಡಿದು ಅವಳನ್ನೇ ಕೇಳಿದವಳು ನಾನು. ಅತ್ತೆ ಉತ್ತರ ಹೇಳಲು ಬಾಯಿ ತೆರೆದರೆ ‘ನೀವು ತಡೀರಿ, ಅವಳು ಹೇಳಲಿ’ ಅನ್ನುತ್ತಿದ್ದೆ. ಅವತ್ತು ನನಗೆ ಅದನ್ನು ಹೇಳಲು ಯಾರೂ ಇರಲಿಲ್ಲ, ನಾನೇ ಹೇಳಿದೆ. ಡಾಕ್ಟರು ಕುರ್ಚಿ ನನ್ನ ಕಡೆಗೆ ತಿರುಗಿಸಿಕೊಂಡರು. ಮುದುಕರನ್ನು ಅವರೆದುರಿಗೇ ‘ಅವರು’ ಮಾಡುವುದು ಮರ್ಯಾದೆಯ ಬಹುವಚನವಲ್ಲ, ಅದು ಬಾಗಿಲು ಮುಚ್ಚುವ ಬಹುವಚನ.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಮಾಡಿದ ಹಾನಿ ಸಣ್ಣದಲ್ಲ. ಪಾಂಡವಪುರದಲ್ಲಿದ್ದ ನನ್ನ ಓರಗಿತ್ತಿಗೆ ಆಗ 82. ಚೆನ್ನಾಗಿದ್ದವಳು ಎರಡೇ ದಿನದಲ್ಲಿ ಸೊಸೆಯ ಗುರುತು ಮರೆತಳು, ಇಲ್ಲದ ದನಕ್ಕೆ ಹುಲ್ಲು ಹಾಕಿ ಎಂದು ಕೂಗತೊಡಗಿದಳು. ವಯಸ್ಸಾಯ್ತು, ಅರಳುಮರಳು ಎಂದು ಮೂಲೆಯ ಕೋಣೆಯಲ್ಲಿ ಮಲಗಿಸಿದ್ದರು. ವರ್ಷಾನುಗಟ್ಟಲೆ ನಿಧಾನವಾಗಿ ಬರುವ ಮರೆವು ಬೇರೆ, ಎರಡು ದಿನದಲ್ಲಿ ಧುತ್ತೆಂದು ಬರುವ ಗಲಿಬಿಲಿ ಬೇರೆ. ಎರಡನೆಯದಕ್ಕೆ ಸಾಮಾನ್ಯವಾಗಿ ಮೈಯಲ್ಲೇ ಕಾರಣ ಇರುತ್ತದೆ: ಮೂತ್ರದ ಸೋಂಕು, ನೀರಿನ ಕೊರತೆ, ಉಪ್ಪಿನಂಶ ಇಳಿಯುವುದು, ಹೊಸ ಮಾತ್ರೆ. ಜಗಳವಾಡಿ ಆಸ್ಪತ್ರೆಗೆ ಹಾಕಿಸಿದೆ. ರಕ್ತದಲ್ಲಿ ಸೋಡಿಯಂ ಪಾತಾಳಕ್ಕಿಳಿದಿತ್ತು. ಬಿ.ಪಿ.ಗೆಂದು ಕೊಟ್ಟ ಉಚ್ಚೆ ಹೋಗಿಸುವ ಮಾತ್ರೆ, ಜೊತೆಗೆ ಉಪ್ಪು ಬಿಟ್ಟ ಗಂಜಿ. ನಾಲ್ಕು ದಿನಕ್ಕೆ ಎದ್ದು ಕೂತು ಸೊಸೆಯನ್ನು ಹೆಸರು ಹಿಡಿದು ಕರೆದಳು. ಇನ್ನೂ ಆರು ವರ್ಷ ಬಾಳಿದಳು. ಆ ಆರು ವರ್ಷ ಗಾದೆಯ ಬಾಯಿಗೆ ಹೋಗಬೇಕಾಗಿತ್ತು.

ನೀರಿನ ಕೊರತೆ ಅಂದೆ. ಅದನ್ನು ಹೆಂಗಸರು ಮಾತ್ರ ಬಲ್ಲರು. ಬಸ್ಸು ಹತ್ತುವ ದಿನ ಬೆಳಗಿನಿಂದ ನಾನು ನೀರು ಮುಟ್ಟುವುದಿಲ್ಲ. ದಾರಿಯಲ್ಲಿ ಎಲ್ಲಿ ಇಳಿಯುವುದು, ಶೌಚಾಲಯ ಇದ್ದರೂ ಮಂಡಿ ಬಗ್ಗಿಸಿ ಹೇಗೆ ಕೂರುವುದು, ಕೂತರೆ ಏಳುವುದು ಹೇಗೆ? ರಾತ್ರಿ ಎದ್ದು ಹಿತ್ತಲಿಗೆ ಹೋಗಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಬಿಟ್ಟ ಮುದುಕಿಯರು ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಮಂದಿಯೋ. ಸೋಂಕು ಶುರುವಾಗುವುದೇ ಅಲ್ಲಿಂದ. ತಪ್ಪೆಂದು ಎಲ್ಲರಿಗೂ ಹೇಳುತ್ತೇನೆ. ಬಸ್ಸಿನ ದಿನ ನಾನೂ ಅದನ್ನೇ ಮಾಡುತ್ತೇನೆ.

ಆಯಸ್ಸಿನ ಮಾತು ಬಂದರೆ ಮುದ್ದೆಯ ಮಾತೂ ಬರುತ್ತದೆ. ರಾಗಿ ಉಂಡವನಿಗೆ ಸಕ್ಕರೆ ಕಾಯಿಲೆ ಇಲ್ಲ ಎಂದು ನಮ್ಮ ಜನ ಧೈರ್ಯವಾಗಿ ಹೇಳುತ್ತಾರೆ. ನಾನೂ ಮುದ್ದೆ, ಬಸ್ಸಾರು, ಉಪ್ಸಾರು ಉಂಡೇ ಬೆಳೆದವಳು, ಈಗಲೂ ದಿನಕ್ಕೊಂದು ಬೇಕು. ಆದರೆ ಅಪ್ಪ ಎರಡು ಮುದ್ದೆ ಉಂಡದ್ದು ಹೊತ್ತು ಹುಟ್ಟುವ ಮೊದಲು ನೇಗಿಲು ಹಿಡಿದು, ಹೊತ್ತು ಮುಳುಗಿದ ಮೇಲೆ ಬಿಟ್ಟು. ಅದೇ ಗಾತ್ರದ ಮುದ್ದೆಯನ್ನು ಟಿ.ವಿ. ಮುಂದೆ ಕೂತವರಿಗೂ ಇಕ್ಕಿದರೆ ಅದೂ ಸಕ್ಕರೆಯೇ. ಇನ್ನೊಂದನ್ನು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಕೂಸು ಸಣ್ಣದಾದರೆ ಹೆರಿಗೆ ಸಲೀಸೆಂದು ಬಸುರಿಯರಿಗೆ ಅರ್ಧಹೊಟ್ಟೆ ಬಡಿಸುವ ಮನೆಗಳಲ್ಲಿ ನಾನು ವಾದ ಮಾಡುತ್ತಿದ್ದುದು ಕೂಸು ಬದುಕಲಿ ಎಂದಷ್ಟೇ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮವರು ಮಿಷನ್ ಆಸ್ಪತ್ರೆ ಅನ್ನುವುದು, 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಕೂಸುಗಳನ್ನು ಹುಡುಕಿಕೊಂಡು ಹೋದರು; ನಲವತ್ತು, ಐವತ್ತು, ಅರವತ್ತರ ವಯಸ್ಸಿಗೆ ಬಂದಿದ್ದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಒಂದು ತರಬೇತಿಯಲ್ಲಿ ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಬ್ಬ ಬಸುರಿಯ ತಟ್ಟೆಗೆ ಬೀಳದ ಒಂದು ತುತ್ತು ಐವತ್ತು ವರ್ಷದ ಮೇಲೆ ಯಾರದೋ ಎದೆಯಲ್ಲಿ ನೋವಾಗಿ ಏಳುತ್ತದೆ. ಮುಪ್ಪು ಅರವತ್ತಕ್ಕೆ ಶುರುವಾಗುತ್ತದೆಂದು ನಾನು ಅಂದಿನಿಂದ ನಂಬಿಲ್ಲ.

ಜಕ್ಕನಹಳ್ಳಿಯಲ್ಲಿ ಮೇಲುಕೋಟೆಗೆ ಹೋಗುವವರು ಇಳಿಯುತ್ತಾರೆ. ರಾಮಾನುಜಾಚಾರ್ಯರು 1017ರಿಂದ 1137ರವರೆಗೆ, 120 ವರ್ಷ ಬಾಳಿದರೆಂದು ಸಂಪ್ರದಾಯದ ಲೆಕ್ಕ. ಆ ಲೆಕ್ಕದಂತೆ ಅವರು ತಮ್ಮ ನಾಡು ಬಿಟ್ಟು ಈ ಬೆಟ್ಟಕ್ಕೆ ಬಂದದ್ದು ಎಂಬತ್ತರ ಹೊತ್ತಿಗೆ. ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಜನ. ಪು.ತಿ.ನ. ಹುಟ್ಟಿದ್ದೂ ಅಲ್ಲೇ, ಅವರು 93 ಕಂಡರು. ನಮ್ಮ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ 88. ಎಲ್ಲರಿಗಿಂತ ನನ್ನ ಮನಸ್ಸಿಗೆ ಹತ್ತಿರದವರು ನಮ್ಮ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು. ಮೈಸೂರು ಸೀಮೆಗೆ 1898ರಲ್ಲಿ ಪ್ಲೇಗು ಕಾಲಿಟ್ಟಿತು. ಊರು ಬಿಟ್ಟು ಹೊಲದ ಗುಡಿಸಲಲ್ಲಿದ್ದ ಕಥೆಗಳನ್ನು ನಮ್ಮಜ್ಜಿ ಹೇಳುತ್ತಿದ್ದಳು. ಅದಾದ ಎರಡು ವರ್ಷಕ್ಕೆ ಹುಟ್ಟಿದ ಕೂಸು 2003ರವರೆಗೆ, 103 ವರ್ಷ ಬದುಕಿತು. ಅವರ ‘ದೇವರು’ ಪುಸ್ತಕ ಬಂದದ್ದು 1991ರಲ್ಲಿ, ಅವರಿಗೆ ತೊಂಬತ್ತೊಂದಾದಾಗ. ನಾನು ಪ್ರತಿ ಶನಿವಾರ ರಂಗನಾಥನ ಗುಡಿಗೆ ಹೋಗುವವಳು. ಅವರು ದೇವರನ್ನು ಒಪ್ಪದವರು. ಆದರೂ ಲೈಬ್ರರಿಯಿಂದ ತಂದು ಎರಡು ಸಲ ಓದಿದೆ. ತೊಂಬತ್ತರಲ್ಲೂ ಒಬ್ಬರು ಎಷ್ಟು ಹಸನಾಗಿ, ಯಾರನ್ನೂ ನೋಯಿಸದೆ ಪ್ರಶ್ನೆ ಕೇಳುತ್ತಾ ಇರಬಹುದು! ನಮ್ಮ ಕಡೆ ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂದು ಎಪ್ಪತ್ತಕ್ಕೇ ಕೈಚೆಲ್ಲುವುದನ್ನು ಕಂಡಾಗಲೆಲ್ಲ ನನಗೆ ಆ ಪುಸ್ತಕ ನೆನಪಾಗುತ್ತದೆ.

ಕಳೆದ ಸಲ ಹೋದದ್ದು ಸಂಕ್ರಾಂತಿಗೆ ಮುಂಚೆ. ನಾಗಮಂಗಲದಲ್ಲಿ ಬಸ್ಸು ಬದಲಿಸಿ, ಊರ ಬಾಗಿಲಲ್ಲಿ ಇಳಿದು ಕೋಲೂರಿಕೊಂಡು ನಡೆದೆ. ಹೊಲದ ರಾಗಿ ಕೊಯ್ದಾಗಿತ್ತು, ಮೆದೆ ಒಟ್ಟಿದ್ದರು. ಅಕ್ಕ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಸುಕು, ಪೊರೆ ತೆಗೆಸಿದ ಕಣ್ಣೂ ಈಗ ಬೆಳಕು ನೆರಳು ಅಷ್ಟೇ. ಬೆರಳಿಗೆ ಮಾತ್ರ ಎಲ್ಲ ಗೊತ್ತು. ಹುಳುಕಾದ ಕಾಯಿ ತಾನಾಗಿ ಆಚೆ ಬೀಳುತ್ತಿತ್ತು.

ನಾನು ಮಾತಾಡುವ ಮೊದಲೇ, ‘ಬಂದ್ಯಾ ಅಮ್ಮಿ’ ಅಂದಳು.

‘ಹೆಂಗೆ ಗೊತ್ತಾಯ್ತಕ್ಕ?’

‘ಆ ಎಡಗಾಲು ಎಳ್ಕಂಡು ಬರೋದು ಕೇಳಲ್ವ? ಕೈ ಕೊಡು ಇಲ್ಲಿ.’ ತೋಳು ಹಿಡಿದು ಮೇಲಿನಿಂದ ಕೆಳಕ್ಕೆ ಸವರಿದಳು. ‘ಇಳಿದೋಗಿದ್ದೀಯಲ್ಲಮ್ಮಿ. ಉಂಡೀಯ ಸರಿಯಾಗಿ? ನೀರು ಕುಡಿ ಮೊದಲು, ತುಟಿ ಒಣಗ್ಯದೆ ನಿಂದು, ದನೀಲೇ ಗೊತ್ತಾಯ್ತದೆ.’

ಮಗಳು ಚೊಂಬು ತಂದಳು. ಪೂರ್ತಿ ಕುಡಿಸುವವರೆಗೂ ಅಕ್ಕ ಬಿಡಲಿಲ್ಲ. ಆಮೇಲೆ ಅವರೆಕಾಯಿಯ ಅರ್ಧ ರಾಶಿಯನ್ನು ನನ್ನ ಮುಂದಕ್ಕೆ ತಳ್ಳಿದಳು. ಇಬ್ಬರೂ ಸುಲಿದೆವು. ಹೆಚ್ಚು ಮಾತಿರಲಿಲ್ಲ. ನಡುವೆ ಒಮ್ಮೆ, ಹೇಮಾವತಿ ಹೊಳೆಯಲ್ಲಿ ಮುಳುಗಲಿದ್ದ ನನ್ನನ್ನು ತಾನು ಜುಟ್ಟು ಹಿಡಿದು ಎಳೆದದ್ದನ್ನು ನೆನಪಿಸಿಕೊಂಡಳು. ಆ ಹೊಳೆಯ ದಂಡೆಯಲ್ಲಿ ಅವತ್ತು ಇದ್ದವರಲ್ಲಿ ಈಗ ಇರುವುದು ನಾವಿಬ್ಬರೇ. ಅವಳು ಅದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ನಾಲ್ಕರ ಬಸ್ಸಿಗೆ ಹೊರಟೆ. ಅಕ್ಕ ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ತೆಗೆದು, ನನ್ನ ಅಂಗೈ ಹುಡುಕಿ ಇಟ್ಟು, ಬೆರಳುಗಳನ್ನು ಮಡಿಸಿದಳು.

‘ಬಸ್ಸಿಗೆ ಇಟ್ಕ.’

‘ಅಕ್ಕ, ಹೆಂಗಸರಿಗೆ ಬಸ್ಸು ದುಡ್ಡಿಲ್ಲ ಈಗ, ಎಷ್ಟು ಸಲ ಹೇಳಿವ್ನಿ.’

‘ಕಾಸಿಲ್ದೆ ಯಾರು ಕರ್ಕಂಡೋಯ್ತಾರೆ? ಇಟ್ಕ ಅಮ್ಮಿ. ರಸ್ತೆ ದಾಟೋವಾಗ ಆ ಕಡೆ ಈ ಕಡೆ ನೋಡ್ಕ. ಕಿಟಕಿಯಿಂದ ಕೈ ಆಚೆ ಹಾಕ್ಬೇಡ.’

ಹೂಂ ಅಕ್ಕ, ಅಂದೆ. ಬಸ್ಸಿನಲ್ಲಿ ಕೂತು, ಕೈಯನ್ನು ಒಳಗೇ ಇಟ್ಟುಕೊಂಡೆ.